ಬಸವಸಾಗರದ ಗೇಟು ತೆರೆದಿದ್ದ ದಿನ

"ಮುತ್ಯಾ, ಗೇಟ್ ಎತ್ಯಾರಂತ! ಪೇಪರ್‌ದಾಗ ಬಂದದ, ನೋಡಿಲ್ಲಿ."

ಬೆಳಗಿನ ಚಹಾದ ಹೊತ್ತಿಗೆ ಮೊಮ್ಮಗ ಪತ್ರಿಕೆ ಹಿಡಿದುಕೊಂಡು ಓಡಿಬಂದ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕೃಷ್ಣಾ ನದಿಗೆ ಒಂದು ಲಕ್ಷ ಕ್ಯೂಸೆಕ್ ನೀರು ಬಿಟ್ಟಿದ್ದಾರೆ ಎಂಬ ಸುದ್ದಿ. ಪಕ್ಕದಲ್ಲಿ ಬೆಳ್ಳಗೆ ನೊರೆ ಉಕ್ಕುವ ಚಿತ್ರ. ಶ್ರಾವಣ ಮಾಸ, ಮರುದಿನದಿಂದ ಸಾಲಾಗಿ ಎರಡು ದಿನ ರಜೆ. ಬೆಂಗಳೂರಿನಿಂದ ಮಗಳು ತನ್ನ ಮಗಳನ್ನು ಕರೆದುಕೊಂಡು ಬಂದಿದ್ದಳು. ಏಳನೇ ಇಯತ್ತೆಯ ಮೊಮ್ಮಗ, ನಾಲ್ಕನೇ ಇಯತ್ತೆಯ ಮೊಮ್ಮಗಳು ಇಬ್ಬರೂ ಸೇರಿ ಹಟ ಹಿಡಿದರೆ ಯಾರು ತಾನೇ ಇಲ್ಲ ಅಂದಾರು? ಮಗ ಕಾರು ತೆಗೆಯಲು ಒಪ್ಪಿದ.

ಒಪ್ಪದೇ ಇದ್ದವಳು ಮಕ್ಕಳ ಆಯಿ, ಅಂದರೆ ನನ್ನ ಹೆಂಡತಿ.

"ನೀವ್ ಹೋಗಿ ಬರ್ರಿ. ಆ ನೀರ್ ನೋಡಿ ನಾ ಏನ್ ಮಾಡ್ಲಿ?"

ನಮ್ಮ ಶಹಾಪುರಕ್ಕೆ ಸೊಸೆಯಾಗಿ ಬಂದು ನಲವತ್ತು ವರ್ಷದ ಮೇಲಾಯಿತು. ಒಂದೇ ಹೊತ್ತಿನಲ್ಲಿ ಹೋಗಿ ಬರಬಹುದಾದ ಊರು ನಾರಾಯಣಪುರ. ಆದರೂ ಅವಳು ಒಮ್ಮೆಯೂ ಡ್ಯಾಮ್ ನೋಡಲು ಬಂದವಳಲ್ಲ. ಯಾಕೆಂದು ನನಗೆ ಗೊತ್ತಿತ್ತು, ಮಕ್ಕಳಿಗೆ ಗೊತ್ತಿರಲಿಲ್ಲ. ಮೊಮ್ಮಗಳು ಅವಳ ಸೆರಗು ಹಿಡಿದು, "ಆಯಿ ಬರದಿದ್ರೆ ನಾನೂ ಬರಲ್ಲ" ಎಂದು ಕುಳಿತುಬಿಟ್ಟಳು. ಕೊನೆಗೆ ಒಂದು ಕರಾರು ಹಾಕಿ ಎದ್ದಳು: "ಕೂಡಲಸಂಗಮಕ್ಕ ಕರ್ಕೊಂಡು ಹೋಗ್ತೀರಂದ್ರ ಬರ್ತೀನಿ."

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಉಳ್ಳಾಗಡ್ಡಿ ಗಂಟು ಕಟ್ಟಿಕೊಂಡು ಬೆಳಕು ಹರಿಯುವ ಮುಂಚೆಯೇ ಹೊರಟೆವು. ಊರು ಬಿಡುವಾಗ ಮೊಮ್ಮಗಳಿಗೆ ಬೆಟ್ಟ ತೋರಿಸಿದೆ. ಶಹಾಪುರದ ಬೆಟ್ಟವನ್ನು ದೂರದಿಂದ ನೋಡಿದರೆ ಬುದ್ಧ ಅಂಗಾತ ಮಲಗಿದಂತೆ ಕಾಣುತ್ತದೆ: ಹಣೆ, ಮೂಗು, ತುಟಿ, ಎದೆ. ಮಂಜಿದ್ದರಿಂದ ಅವಳಿಗೆ ಮೂಗು ಮಾತ್ರ ಕಂಡಿತು.

ಸುರಪುರದಲ್ಲಿ ಇಳಿಯಲಿಲ್ಲ. ಅಲ್ಲಿ ನೋಡಬೇಕಾದ್ದು ಬಹಳ ಇದೆ, ಅದಕ್ಕೆ ಬೇರೆ ದಿನವೇ ಬೇಕು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಮಾತ್ರ ಬೆರಳು ಮಾಡಿ ತೋರಿಸಿದೆ. ಸುರಪುರದ ರಾಜ ವೆಂಕಟಪ್ಪ ನಾಯಕ ಇನ್ನೂ ಸಣ್ಣ ಹುಡುಗನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಇದ್ದ ಬಂಗಲೆ ಅದು. ಟೇಲರ್ ತನ್ನ ಆತ್ಮಕಥೆಯಲ್ಲಿ ಈ ಸೀಮೆಯ ಕೆರೆಗಳ ಕೆಲಸದ ಬಗ್ಗೆಯೂ ಬರೆದಿದ್ದಾನೆ. ಆಗ ಇಲ್ಲಿನ ಜನಕ್ಕೆ ನೀರೆಂದರೆ ಕೆರೆ, ಬಾವಿ, ಹಳ್ಳ ಅಷ್ಟೇ. ಕೃಷ್ಣಾ ನದಿ ತಾಲ್ಲೂಕಿನ ಅಂಚಿನಲ್ಲೇ ಹರಿಯುತ್ತಿತ್ತು. ಆದರೆ ಹೊಲ ಮೇಲೆ, ಹೊಳೆ ಕೆಳಗೆ. ತಾಯಿ ಕೊಡ ತುಂಬ ಹಾಲಿಟ್ಟುಕೊಂಡು ಕೂಸನ್ನು ಹಸಿದು ಮಲಗಿಸಿದ ಹಾಗೆ ಎಂದು ನಮ್ಮಜ್ಜ ಹೇಳುತ್ತಿದ್ದ.

ಹುಣಸಗಿ ಬಂದಾಗ ಮೊಮ್ಮಗನಿಗೆ ಒಂದು ಸಂಗತಿ ಹೇಳಿದೆ. ಹತ್ತಿರದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು ನೆಲ ಅಗೆದಾಗ ಆದಿಮಾನವರು ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗವೇ ಸಿಕ್ಕಿತು. ಸುಮಾರು 12 ಲಕ್ಷ ವರ್ಷ ಹಿಂದಿನದು. "ಅವರು ಇಲ್ಲೇ ಯಾಕ ಇದ್ರು?" ಎಂದು ಕೇಳಿದ. ಕೊಡಲಿಗೆ ಬೇಕಾದ ಕಲ್ಲು ಇತ್ತು, ಕುಡಿಯಲು ಬುಗ್ಗೆ ನೀರು ಇತ್ತು. ನೀರು ಇದ್ದಲ್ಲಿ ಮನುಷ್ಯ.

ಹುಣಸಗಿ, ಕೊಡೇಕಲ್ ದಾರಿಯಲ್ಲಿ ಅಲ್ಲಲ್ಲಿ ಕಾಲುವೆ ಎದುರಾಯಿತು. ಇದು ನಾರಾಯಣಪುರ ಎಡದಂಡೆ ಕಾಲುವೆಯ ಸಂಸಾರ. ನಾವು 'ಕೆನಾಲು' ಎಂದೇ ಕರೆಯುವುದು. ಮುಖ್ಯ ಕಾಲುವೆ 78 ಕಿಲೋಮೀಟರ್. ಅದರಿಂದ ಹುಣಸಗಿ, ಶಹಾಪುರ, ಮೂಡಬೂಳ, ಜೇವರ್ಗಿ, ಇಂಡಿ ಎಂದು ಕವಲುಗಳು ಒಡೆಯುತ್ತವೆ. ಕವಲಿಗೆ ಕೊಂಬೆ, ಕೊಂಬೆಗೆ ಟೊಂಗೆ ಎನ್ನುವಂತೆ ಹೊಲದ ಬದುವಿನವರೆಗೆ ಸಣ್ಣ ಕಾಲುವೆಗಳು. ಎರಡೂ ಕಡೆ ಭತ್ತದ ಗದ್ದೆ ಹಸಿರು ಕಕ್ಕುತ್ತಿತ್ತು. ನಾನು ಹುಡುಗನಾಗಿದ್ದಾಗ ಈ ಸೀಮೆಯಲ್ಲಿ ಭತ್ತ ಕಂಡದ್ದಿಲ್ಲ. ಜೋಳ, ಸಜ್ಜೆ, ತೊಗರಿ, ಹತ್ತಿ. ಅನ್ನ ಹಬ್ಬಕ್ಕೆ ಮಾತ್ರ.

ಡ್ಯಾಮ್ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬಿತ್ತು. ಕಾರಿನ ಗಾಜು ಇಳಿಸಿದಾಗ ದೂರದಲ್ಲಿ ಗೂಡ್ಸ್ ರೈಲು ಹೋಗುತ್ತಿದೆಯೇನೋ ಎನ್ನುವ ಸದ್ದು. ಆದರೆ ಆ ರೈಲು ಮುಗಿಯಲೇ ಇಲ್ಲ. ಮುಂದೆ ಹೋದಂತೆ ಗಾಳಿಯಲ್ಲಿ ಹನಿ. ಮೊಮ್ಮಗಳು ಮಳೆ ಎಂದು ಕೈ ಚಾಚಿದಳು. ಮೋಡವಿರಲಿಲ್ಲ, ಅದು ಗೇಟಿನಿಂದ ಎದ್ದ ತುಂತುರು.

ಅಣೆಕಟ್ಟೆಯ ಮೇಲೆ ಎಲ್ಲರನ್ನೂ ಬಿಡುವುದಿಲ್ಲ. ಪೊಲೀಸರು ತೋರಿಸಿದ ಜಾಗದಲ್ಲಿ ನಿಂತೆವು. ಜಾತ್ರೆಯಷ್ಟು ಜನ. ಮಿರ್ಚಿ ಭಜಿ, ಚುರುಮುರಿ, ಬೇಯಿಸಿದ ಶೇಂಗಾ. ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲರ ಬೆನ್ನೂ ನೀರಿನ ಕಡೆಗೆ! ಅಷ್ಟು ದೂರ ಬಂದು ನೀರಿಗೆ ಬೆನ್ನು ಮಾಡಿ ನಿಲ್ಲುವ ಈ ಪದ್ಧತಿ ನನಗೆ ಇನ್ನೂ ಅರ್ಥವಾಗಿಲ್ಲ.

ಬಸವಸಾಗರಕ್ಕೆ 30 ಗೇಟುಗಳು. ಅಂದು ಅರ್ಧದಷ್ಟು ತೆರೆದಿದ್ದವು. ಗೇಟೆಂದರೆ ನಮ್ಮ ಮನೆ ಬಾಗಿಲಿನಂತೆ ಬದಿಗೆ ತೆರೆಯುವುದಲ್ಲ. ಬಿಲ್ಲಿನಂತೆ ಬಾಗಿದ ಉಕ್ಕಿನ ಹಲಗೆ, ಹಿಂದೆ ಎರಡು ತೋಳು. ತೋಳಿನ ಮೂಲೆಯ ಕೀಲಿನ ಮೇಲೆ ಇಡೀ ಹಲಗೆ ಮೇಲಕ್ಕೆ ತಿರುಗುತ್ತದೆ. ಪೂರ್ತಿ ಎತ್ತುವುದು ಅಪರೂಪ. ಸ್ವಲ್ಪ ಎತ್ತಿದರೂ ಸಾಕು, ಅಡಿಯಲ್ಲಿ ನೀರು ಹುಲಿಯ ಹಾಗೆ ನುಗ್ಗುತ್ತದೆ.

"ಮುತ್ಯಾ, ಒಂದು ಲಕ್ಷ ಕ್ಯೂಸೆಕ್ ಅಂದ್ರ ಎಷ್ಟು?"

ಮಾಸ್ತರಿಕೆ ಬಿಟ್ಟು ಹತ್ತು ವರ್ಷವಾದರೂ ಇಂಥ ಪ್ರಶ್ನೆ ಬಂದರೆ ಕೈ ಸೀಮೆಸುಣ್ಣ ಹುಡುಕುತ್ತದೆ. ಕೋಲು ತಗೊಂಡು ಮಣ್ಣಿನ ಮೇಲೆ ಬರೆದು ತೋರಿಸಿದೆ. ನೀವೂ ಮಾಡಿ ನೋಡಿ ಮಕ್ಕಳೇ. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯೂಸೆಕ್. ಘನ ಅಡಿ ಎಂದರೆ ಉದ್ದ, ಅಗಲ, ಎತ್ತರ ಎಲ್ಲವೂ ಒಂದು ಅಡಿ ಇರುವ ಪೆಟ್ಟಿಗೆ. ಅದರಲ್ಲಿ ಹಿಡಿಯುವುದು ಸುಮಾರು 28 ಲೀಟರ್, ಅಂದರೆ ನಮ್ಮ ಮನೆಯ ಎರಡು ಕೊಡ. ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಎರಡು ಲಕ್ಷ ಕೊಡ! ಒಂದು ಮನೆಗೆ ದಿನಕ್ಕೆ ಹತ್ತು ಕೊಡ ಬೇಕೆಂದುಕೊಂಡರೆ, "ಒಂದು" ಎಂದು ಎಣಿಸುವುದರೊಳಗೆ 20 ಸಾವಿರ ಮನೆಗಳ ದಿನದ ನೀರು ನಮ್ಮ ಕಣ್ಣ ಮುಂದೆ ಹೋಯಿತು.

ಇನ್ನೊಂದು ಲೆಕ್ಕ ಟಿಎಂಸಿಯದು. ನೂರು ಕೋಟಿ ಘನ ಅಡಿ ಸೇರಿದರೆ ಒಂದು ಟಿಎಂಸಿ. ಬಸವಸಾಗರದಲ್ಲಿ ಹಿಡಿಯುವುದು ಸುಮಾರು 33 ಟಿಎಂಸಿ. ಒಂದು ಲಕ್ಷ ಕ್ಯೂಸೆಕ್‌ನಂತೆ ಹಗಲೂ ರಾತ್ರಿ ಬಿಟ್ಟರೆ ದಿನಕ್ಕೆ 8.64 ಟಿಎಂಸಿ ಹೋಗುತ್ತದೆ. ಮೊಮ್ಮಗ ಭಾಗಾಕಾರ ಮಾಡಿ ಕಣ್ಣರಳಿಸಿದ: "ನಾಕ್ ದಿನದಾಗ ಖಾಲಿ ಆಗ್ತದಲ್ಲ!" ಹೌದು, ಮೇಲಿನಿಂದ ಬರದೇ ಇದ್ದರೆ. ಆದರೆ ಮೇಲೆ ಆಲಮಟ್ಟಿ ಇದೆ. ಅದು 123 ಟಿಎಂಸಿಯ ಹಂಡೆ, ನಮ್ಮದು ಅದರ ಮುಂದಿನ ತಂಬಿಗೆ. ಮಹಾಬಳೇಶ್ವರದ ಕಡೆ ಘಟ್ಟದಲ್ಲಿ ಮಳೆ ಹೊಯ್ದರೆ ಹಂಡೆ ತುಂಬುತ್ತದೆ. ಹಂಡೆ ತುಂಬಿ ಚೆಲ್ಲಿದ್ದು ತಂಬಿಗೆಗೆ ಬರುತ್ತದೆ. ನಮ್ಮೂರಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ನಮ್ಮ ಹೊಳೆಗೆ ಮಹಾಪೂರ ಬರುವುದು ಹೀಗೆ.

ಇಡೀ ಅಣೆಕಟ್ಟೆ ಹತ್ತೂವರೆ ಕಿಲೋಮೀಟರಿಗೂ ಉದ್ದ ಎಂದಾಗ ಮೊಮ್ಮಗಳು ನಂಬಲಿಲ್ಲ. ಗೇಟಿರುವ ಕಲ್ಲಿನ ಭಾಗ ಮಾತ್ರ ನಮ್ಮ ಕಣ್ಣಿಗೆ ಡ್ಯಾಮ್. ಉಳಿದದ್ದು ಮಣ್ಣಿನ ದಿಬ್ಬ, ಹುಲ್ಲು ಬೆಳೆದು ಗುಡ್ಡದಂತೆಯೇ ಇದೆ. ಕೆಲಸ ಮುಗಿದದ್ದು 1982ರಲ್ಲಿ. ಆ ದಿಬ್ಬದ ಮಣ್ಣು ಹೊತ್ತವರಲ್ಲಿ ನಮ್ಮ ಸೀಮೆಯ ಕೂಲಿಯವರೂ ಇದ್ದರು. ಅವರ ಫೋಟೋ ಯಾರೂ ತೆಗೆಯಲಿಲ್ಲ.

"ಗೇಟು ಮುರಿದ್ರೆ?" ಎಂದಳು ಚಿಕ್ಕವಳು. ದೊಡ್ಡವರು ಮನಸ್ಸಿನಲ್ಲೇ ಇಟ್ಟುಕೊಳ್ಳುವ ಪ್ರಶ್ನೆಯನ್ನು ಮಕ್ಕಳು ಕೇಳಿಬಿಡುತ್ತಾರೆ. 2024ರ ಆಗಸ್ಟ್‌ನಲ್ಲಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯಲ್ಲಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಗಿತ್ತು. ಹರಿಯುವ ನೀರಿನಲ್ಲೇ ಉಕ್ಕಿನ ತಡೆಗಳನ್ನು ಒಂದರ ಮೇಲೊಂದು ಇಳಿಸಿ ಆ ಬಾಯಿ ಮುಚ್ಚಿದರು. ಅದಕ್ಕೇ ಗೇಟುಗಳಿಗೆ ಎಣ್ಣೆ, ಬಣ್ಣ, ತಪಾಸಣೆ ತಪ್ಪಬಾರದು ಎಂದೆ. "ನಮ್ಮ ಸೈಕಲ್ ಚೈನಿನಂಗ" ಎಂದ ಮೊಮ್ಮಗ. ಅವನ ಸೈಕಲ್ ಚೈನಿಗೆ ಎಣ್ಣೆ ಬಿಟ್ಟು ಎಷ್ಟು ತಿಂಗಳಾಯಿತೋ ದೇವರಿಗೇ ಗೊತ್ತು.

ನಮ್ಮ ಪಕ್ಕದಲ್ಲಿ ಕಂಬಳಿ ಹೊದ್ದು ನಿಂತಿದ್ದ ಹಿರಿಯರೊಬ್ಬರು ಮಕ್ಕಳ ಮಾತು ಕೇಳಿ ನಗುತ್ತಿದ್ದರು. ಯಾವ ಊರು ಎಂದು ಕೇಳಿದೆ. "ಕೆಳಗ್ರಿ, ಹೊಳಿ ದಂಡಿ" ಎಂದರು. ಡ್ಯಾಮ್ ನೋಡಲು ಬಂದಿರಾ ಎಂದರೆ, "ಇಲ್ರೀ, ನೀರ್ ಇನ್ನಾ ಹೆಚ್ಚಿಗಿ ಬಿಡ್ತಾರೇನು ಕೇಳ್ಲಾಕ ಬಂದೀನಿ" ಎಂದರು.

ಆ ಒಂದು ಮಾತಿಗೆ ನಾವು ನೋಡುತ್ತಿದ್ದ ನೊರೆಯ ಬಣ್ಣವೇ ಬೇರೆ ಆಯಿತು. ಗೇಟು ಎತ್ತುವ ಮೊದಲು ಸೈರನ್ ಊದುತ್ತಾರೆ, ಹೊಳೆ ದಂಡೆಯ ಊರುಗಳಲ್ಲಿ ಡಂಗುರ ಸಾರುತ್ತಾರೆ. ಪಂಪ್‌ಸೆಟ್ ಎತ್ತಿಡಬೇಕು, ದನ ಮೇಲೆ ಹೊಡೆಯಬೇಕು. ನೀರು ಹೆಚ್ಚಾದರೆ ನಾರಾಯಣಪುರದ ಸಮೀಪದ ಛಾಯಾ ಭಗವತಿ ಗುಡಿಗೆ ನೀರು ಸುತ್ತುಗಟ್ಟುತ್ತದೆ. ಲಿಂಗಸುಗೂರು ಕಡೆಯ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ಆಚೆಯ ಊರುಗಳ ದಾರಿ ಕಡಿದುಹೋಗುತ್ತದೆ. ಇನ್ನೂ ಹೆಚ್ಚಾದರೆ ನಮ್ಮ ಶಹಾಪುರದಿಂದ ದೇವದುರ್ಗಕ್ಕೆ ಹೋಗುವ ದಾರಿಯ ಕೊಳ್ಳೂರು ಸೇತುವೆಯ ಮೇಲೂ ನೀರು. 2019ರ ಆಗಸ್ಟ್‌ನಲ್ಲಿ ಐದು ಲಕ್ಷ ಕ್ಯೂಸೆಕ್ ಮೀರಿ ಬಿಟ್ಟಾಗ ಆ ಸೇತುವೆ ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ.

ಹೊಳೆಯ ನಡುವೆ ಇರುವ ನೆಲಕ್ಕೆ ನಮ್ಮ ಕಡೆ 'ಗಡ್ಡಿ' ಎನ್ನುತ್ತಾರೆ. ಕೃಷ್ಣೆಯಲ್ಲಿ ಅಂಥ ಗಡ್ಡಿಗಳ ಮೇಲೆ ಮನೆ ಮಾಡಿಕೊಂಡವರಿದ್ದಾರೆ. ನೀರು ಬಿಟ್ಟ ದಿನಗಳಲ್ಲಿ ಅವರಿಗೆ ಸಂತೆ ಇಲ್ಲ, ಶಾಲೆ ಇಲ್ಲ, ದವಾಖಾನೆ ಇಲ್ಲ. 2014ರಲ್ಲಿ ಇಂಥ ಒಂದು ಗಡ್ಡಿಯ ತುಂಬು ಬಸುರಿಯೊಬ್ಬಳು ಒಣಗಿದ ಸೋರೆಕಾಯಿ, ಕುಂಬಳಕಾಯಿಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ನಡುವೆ ಈಜಿ ದಡ ಸೇರಿದಳು. ದಿನ ತುಂಬಿತ್ತು, ಹೆರಿಗೆ ದವಾಖಾನೆಯಲ್ಲೇ ಆಗಬೇಕೆಂದು ಆಕೆಯ ಹಟ. ಊರಿನ ಗಟ್ಟಿ ಈಜುಗಾರರೂ ಇಳಿಯಲು ಹಿಂಜರಿಯುವ ನೀರು ಅದು.  ಈ ಕಥೆ ಹೇಳಿದಾಗ ಮೊಮ್ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಪಾಪು ಈಗ ಎಷ್ಟನೇ ಕ್ಲಾಸು?" ಎಂದು ಕೇಳಿದಳು.

ಮರದ ನೆರಳಲ್ಲಿ ಗಂಟು ಬಿಚ್ಚಿದೆವು. ಇಷ್ಟು ಹೊತ್ತೂ ನನ್ನ ಹೆಂಡತಿ ಗೇಟಿನ ಕಡೆ ನೋಡಿರಲಿಲ್ಲ. ಅಣೆಕಟ್ಟೆಯ ಆಚೆ, ಬೂದು ಬಣ್ಣದಲ್ಲಿ ಆಕಾಶಕ್ಕೆ ಸೇರಿಹೋಗಿದ್ದ ಹಿನ್ನೀರಿನ ಕಡೆಯೇ ಅವಳ ಕಣ್ಣು. ರೊಟ್ಟಿ ಮುರಿದು ಮೊಮ್ಮಗಳ ಕೈಗೆ ಕೊಡುತ್ತಾ ಹೇಳಿದಳು: "ನಿಮ್ಮ ಮುತ್ಯಾ ಮುಂದಿನ ನೀರಿನ ಕಥಿ ಹೇಳಿದ. ಹಿಂದಿನ ನೀರಿನ ಕಥಿ ನಂದೈತಿ."

ತವರಿನ ಮಾತು ಬಂದರೆ ಅವಳ ಬಾಯಲ್ಲಿ ನಮ್ಮ 'ಅದ' ಹೋಗಿ 'ಐತಿ' ಬಂದುಬಿಡುತ್ತದೆ. ನಲವತ್ತು ವರ್ಷದಿಂದ ನೋಡುತ್ತಿದ್ದೇನೆ.

ಅವಳ ಊರು ತಂಗಡಗಿ, ಕೂಡಲಸಂಗಮಗಳ ಕಡೆ ಹೊಳೆ ದಂಡೆಯಲ್ಲಿತ್ತು. ಊರಿನ ಹೆಸರು ಬರೆಯಬೇಡಿ ಎಂದಿದ್ದಾಳೆ. "ಆ ಹೆಸರು ಈಗ ಹೊಸ ಊರಿಂದು. ನಮ್ಮೂರಿಗೆ ಹೆಸರಿಲ್ಲ." ನಮ್ಮ ಮದುವೆಯಾದಾಗ ಅಲ್ಲಿ ಮಾತೆಲ್ಲ ಮುಳುಗಡೆಯದೇ. ಬೀಗರೂಟಕ್ಕೆ ಕುಳಿತವರೂ ಯಾರ ಮನೆಗೆ ಎಷ್ಟು ಬೆಲೆ ಕಟ್ಟಿದರು ಎಂದೇ ಮಾತಾಡಿದ್ದು ನನಗೆ ನೆನಪಿದೆ. ಮನೆಯ ತೊಲೆ, ಬಾಗಿಲ ಚೌಕಟ್ಟು ಕಿತ್ತು ಬಂಡಿಗೆ ಹೇರಿದರು. ದೇವರನ್ನು ಒಯ್ದರು. ಒಯ್ಯಲು ಬಾರದ್ದು ಬಾವಿ, ಬೇವಿನ ಮರ, ಹಿರಿಯರ ಗೋರಿಗಳು. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದವಳು ಹೋದದ್ದು ಪುನರ್ವಸತಿ ಕೇಂದ್ರದ ಹೊಸ ಮನೆಗೆ. ಸಾಲಾಗಿ ಒಂದೇ ನಮೂನೆಯ ಮನೆಗಳು. ಸಂಜೆ ನೀರು ತರಲು ಹೋಗಿ ತಿರುಗಿ ಬರುವಾಗ ತನ್ನ ತವರುಮನೆ ಯಾವುದೆಂದು ತಿಳಿಯದೆ ಬೀದಿಯಲ್ಲಿ ನಿಂತಿದ್ದಳಂತೆ. ಇದನ್ನು ನನಗೂ ಅವಳು ಅಂದೇ ಮೊದಲ ಸಲ ಹೇಳಿದ್ದು.

ಅದೇ ನೀರು ಕೆಲವು ವರ್ಷಗಳಲ್ಲಿ ನಮ್ಮ ಹೊಲಕ್ಕೆ ಬಂತು. 1972ರ ಬರ ನಾನು ಕಂಡಿದ್ದೇನೆ. ಬರಗಾಲದ ಕಾಮಗಾರಿಯಲ್ಲಿ ನನ್ನ ಅವ್ವ ಜಲ್ಲಿ ಒಡೆದಳು, ಎತ್ತು ಮಾರಿದೆವು. ಕೆನಾಲಿನಲ್ಲಿ ಮೊದಲ ಬಾರಿ ನೀರು ಬಂದ ದಿನ ನಮ್ಮಪ್ಪ ಅಂಗಿ ಧೋತರ ಸಮೇತ ಅದರೊಳಗೆ ಕುಳಿತುಬಿಟ್ಟ. ಊರವರು ಕಾಯಿ ಒಡೆದರು, ಕುಂಕುಮ ಹಾಕಿದರು. ಅತ್ತೆಮನೆಯವರೆಲ್ಲ ಸಂಭ್ರಮ ಮಾಡುವಾಗ ಸೊಸೆ ಒಳಗೆ ಒಲೆ ಮುಂದೆ ಇದ್ದಳು. ಹೊರಗೆ ಬಾ ಎಂದು ಕರೆದೆನೋ ಇಲ್ಲವೋ ಈಗ ನೆನಪಿಲ್ಲ. ಕರೆದಿರಲಿಕ್ಕಿಲ್ಲ.

ಕೆನಾಲು ಬಂದಾಕ್ಷಣ ಎಲ್ಲರ ಬಾಳೂ ಹಸನಾಯಿತು ಎಂದೇನೂ ಅಲ್ಲ. ಕಾಲುವೆಯ ತಲೆಯ ಕಡೆ ನೀರು ಹೆಚ್ಚಾಗಿ ಎಷ್ಟೋ ಎರೆ ಹೊಲ ಸವಳು ಹಿಡಿದಿದೆ. ಬಾಲದ ಕಡೆಯವರು ವಾರಾಬಂದಿ ಪಾಳಿ ಎಣಿಸುತ್ತಾ ಒಣ ಕಾಲುವೆ ನೋಡುತ್ತಾರೆ. ಆದರೆ ನಮ್ಮ ಮನೆಯ ಮಕ್ಕಳು ಕಾಲೇಜು ಕಂಡದ್ದು ಆ ನೀರಿನಿಂದ. ಬೆಂಗಳೂರಿನ ಮಗಳು ತಲೆ ತಗ್ಗಿಸಿ ರೊಟ್ಟಿ ತಿನ್ನುತ್ತಿದ್ದಳು. ಅವಳ ಫೀಸು ಕಟ್ಟಿದ್ದು ಭತ್ತ ಮಾರಿದ ದುಡ್ಡು.

ಸಂಜೆಗೆ ಕೂಡಲಸಂಗಮ. ಕೃಷ್ಣೆಗೆ ಮಲಪ್ರಭೆ ಬಂದು ಸೇರುವ ಜಾಗ, ಬಸವಣ್ಣನವರು ಐಕ್ಯರಾದ ಜಾಗ. ಜಲಾಶಯಕ್ಕೆ ಬಸವಸಾಗರ ಎಂದು ಹೆಸರಿಟ್ಟದ್ದು ಅವರ ಹೆಸರಿನಲ್ಲೇ. ಆ ಜಲಾಶಯದ ಹಿನ್ನೀರು ಇಲ್ಲಿಯವರೆಗೂ ನಿಲ್ಲುತ್ತದೆ. ಅದಕ್ಕೆ ಐಕ್ಯಮಂಟಪ ಮುಳುಗದಂತೆ ಸುತ್ತಲೂ ದುಂಡಗೆ ಎತ್ತರದ ಗೋಡೆ ಕಟ್ಟಿದ್ದಾರೆ. ಸೇತುವೆಯ ಮೇಲೆ ನಡೆದು ಹೋಗಿ ಬಾವಿಗೆ ಇಳಿದಂತೆ ಮೆಟ್ಟಿಲಿಳಿಯಬೇಕು. ಹೊರಗೆ ಗೋಡೆಗೆ ತಾಗಿ ನೀರು, ಒಳಗೆ ಒಣ ನೆಲದ ಮೇಲೆ ಪುಟ್ಟ ಕಲ್ಲಿನ ಮಂಟಪ. ಮೊಮ್ಮಗಳು ಗೋಡೆಗೆ ಕಿವಿ ಹಚ್ಚಿ ನೀರು ಮಾತಾಡುತ್ತದೆಯೇ ಎಂದು ಕೇಳಿದಳು. ಅವಳ ಆಯಿ ಕೈಮುಗಿದು ಎದ್ದವಳು ಗೋಡೆಯನ್ನು ಮೇಲಿಂದ ಕೆಳಗೆ ನೋಡಿ ಮೆಲ್ಲಗೆ, "ಒಂದ್ ಊರಿಗಿ ಇಂಥಾ ಗ್ವಾಡಿ ಕಟ್ಟಾಕ ಆಗೂದಿಲ್ಲ ಬಿಡು" ಎಂದಳು. ಸಿಟ್ಟಿನಲ್ಲಿ ಅಲ್ಲ, ಲೆಕ್ಕ ಒಪ್ಪಿಸಿದ ಹಾಗೆ.

ಮರುದಿನ ಆಲಮಟ್ಟಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು, ಜಲಾಶಯಕ್ಕೆ ಅವರದೇ ಹೆಸರು. ಅಡಿಗಲ್ಲಿನಿಂದ ಪೂರ್ತಿ ನೀರು ನಿಲ್ಲುವವರೆಗೆ ಒಂದು ತಲೆಮಾರೇ ಕಳೆಯಿತು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಬಂದು ಲೋಕಾರ್ಪಣೆ ಮಾಡಿದರು. ಇಲ್ಲಿನ ಉದ್ಯಾನಗಳ ಬಗ್ಗೆ ಮಕ್ಕಳನ್ನೇ ಕೇಳಬೇಕು. ಕಲ್ಲಿನ ಪ್ರಾಣಿಗಳು, ಕಾರಂಜಿ, ದೋಣಿ ಎಂದು ಅವರು ಓಡಿದ ಕಡೆಗೆಲ್ಲ ಓಡಲು ನನ್ನ ಮೊಣಕಾಲು ಒಪ್ಪಲಿಲ್ಲ.

ನನಗೆ ತೋರಿಸಬೇಕಾಗಿದ್ದದ್ದು ಅಣೆಕಟ್ಟೆಯ ಬುಡದಲ್ಲಿರುವ ವಿದ್ಯುತ್ ಮನೆ. ದೂರದಿಂದಲೇ ನೋಡಿದೆವು. ಒಳಗೆ ಆರು ಯಂತ್ರಗಳಿವೆ: 55 ಮೆಗಾವ್ಯಾಟಿನವು ಐದು, 15 ಮೆಗಾವ್ಯಾಟಿನದು ಒಂದು. ಎಲ್ಲ ಸೇರಿ 290 ಮೆಗಾವ್ಯಾಟ್. ಹತ್ತು ವ್ಯಾಟಿನ ಎಲ್‌ಇಡಿ ಬಲ್ಬು ಲೆಕ್ಕ ಹಿಡಿದರೆ ಒಂದೇ ಸಲಕ್ಕೆ 2 ಕೋಟಿ 90 ಲಕ್ಷ ಬಲ್ಬು ಉರಿಸಬಹುದು. ಕೆಲಸ ನಡೆಯುವ ಬಗೆ ಸರಳ. ಎತ್ತರದಲ್ಲಿ ನಿಂತ ನೀರನ್ನು ದೊಡ್ಡ ಕೊಳವೆಯಲ್ಲಿ ಕೆಳಗೆ ಬಿಡುತ್ತಾರೆ. ಅದು ನುಗ್ಗಿ ಬಂದು ಚಕ್ರದ ರೆಕ್ಕೆಗಳಿಗೆ ಹೊಡೆಯುತ್ತದೆ, ಚಕ್ರ ತಿರುಗುತ್ತದೆ. ಚಕ್ರದ ಕಂಬಕ್ಕೆ ಜೋಡಿಸಿದ ಅಯಸ್ಕಾಂತಗಳು ತಾಮ್ರದ ಸುರುಳಿಯ ನಡುವೆ ತಿರುಗಿದಾಗ ಕರೆಂಟು ಹುಟ್ಟುತ್ತದೆ. ಸೈಕಲ್ಲಿನ ಡೈನಮೋ ಗೊತ್ತಲ್ಲ, ಅದರ ದೊಡ್ಡಣ್ಣ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ಮಾಡಿದ್ದೂ ಇದನ್ನೇ. ಅಲ್ಲಿಂದ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟರು.

ನಮ್ಮೂರ ಹಿರಿಯರೊಬ್ಬರು ಕೊನೆಯವರೆಗೂ ಕೆನಾಲಿನ ನೀರು ಕುಡಿಯಲಿಲ್ಲ. "ಕರೆಂಟ್ ತಗದ ನೀರಿನಾಗ ಸತ್ವ ಇರಂಗಿಲ್ಲ" ಎಂಬುದು ಅವರ ವಾದ. ಹಾಲಿನಿಂದ ಬೆಣ್ಣೆ ತೆಗೆದ ಹಾಗೆ ಎಂದುಕೊಂಡಿದ್ದರು. ನೀರಿನಿಂದ ಏನನ್ನೂ ತೆಗೆಯುವುದಿಲ್ಲ, ಅದು ಬೀಳುವ ರಭಸವನ್ನು ಮಾತ್ರ ಬಳಸಿಕೊಳ್ಳುತ್ತಾರೆ. ಚಕ್ರ ತಿರುಗಿಸಿದ ನೀರೇ ಕೆಳಗೆ ಹರಿದು ಬಸವಸಾಗರಕ್ಕೆ ಬಂದು ಗದ್ದೆಗೆ ಹೋಗುತ್ತದೆ. ಹೊಳೆಗೆ ಹೋದ ನೀರು ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಕ್ಕೂ ಬೇಕು. ಒಂದೇ ನೀರು ಎಷ್ಟು ಕಡೆ ಕೂಲಿ ಮಾಡುತ್ತದೆ ನೋಡಿ. ಬೇಸಿಗೆಯಲ್ಲಿ ಮಾತ್ರ, ಹಂಡೆಯಲ್ಲಿ ನೀರು ಕೆಳಗಿಳಿದಾಗ ಈ ಯಂತ್ರಗಳಿಗೆ ವಿಶ್ರಾಂತಿ.

ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವುದು ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರದವರೆಗೆ. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಅದನ್ನು 524.256 ಮೀಟರಿಗೆ ಏರಿಸಲು ಒಪ್ಪಿದೆ. ಏರಿಸಿದರೆ ಇನ್ನೂ ಒಣಗಿರುವ ಎಷ್ಟೋ ಹೊಲಗಳಿಗೆ ನೀರು. ಜೊತೆಗೆ ಇನ್ನೂ ಹಲವು ಊರು ನೀರಿಗೆ. ಹಳೆಯ ಬಾಗಲಕೋಟೆಯ ಒಂದು ದೊಡ್ಡ ಭಾಗ ಈಗಾಗಲೇ ಹೋಗಿ ನವನಗರ ಎದ್ದಿದೆ. ಮೊಮ್ಮಗ ಇದನ್ನು ಕೇಳಿ, "ಏರಿಸ್ಬೇಕೋ ಬ್ಯಾಡೋ ಮುತ್ಯಾ?" ಎಂದ. ನಾನು ಹೆಂಡತಿಯ ಮುಖ ನೋಡಿದೆ. ಅವಳು ಹೇಳಿದಳು: "ಏರಿಸೂ ಮುಂಚೆ ರೊಕ್ಕ, ಮನಿ, ಸಾಲಿ, ಬಾವಿ ಎಲ್ಲಾ ತಯಾರ ಮಾಡಿ ಎಬ್ಬಿಸ್ಲಿ. ನೀರ ಬಂದಮ್ಯಾಲ ಎಬ್ಬಿಸಬಾರದು. ಮತ್ತ, ಮನಿ ಎಲ್ಲಾ ಒಂದ ನಮೂನಿ ಕಟ್ಟಬಾರದು." ಮಾಸ್ತರನಾದ ನನಗೆ ಹೊಳೆಯದ ಉತ್ತರ.

ರಾತ್ರಿ ಶಹಾಪುರ ಮುಟ್ಟಿದಾಗ ಎಂಟು ಗಂಟೆ. ಮೊಮ್ಮಗ ಬಂದವನೇ ಶಾಲೆಯ ಪ್ರಾಜೆಕ್ಟ್ ಹಾಳೆ ತೆಗೆದು ಸ್ಕೇಲು ಹಿಡಿದು 30 ಗೇಟು ಬರೆಯತೊಡಗಿದ. ಇಪ್ಪತ್ತೆರಡಕ್ಕೇ ಹಾಳೆ ಮುಗಿದು ಇನ್ನೊಂದು ಅಂಟಿಸಿದ. ಮೊಮ್ಮಗಳು ಮೂಲೆಯಲ್ಲಿ ಕುಳಿತು ಹಾಳೆಯ ತುಂಬ ನೀಲಿ ಬಳಿದಿದ್ದಳು. ನೀಲಿಯ ಅಡಿಯಲ್ಲಿ ಒಂದು ಮನೆ, ಒಂದು ಬಾವಿ, ಒಂದು ಬೇವಿನ ಮರ, ಮರದ ಕೊಂಬೆಗಳ ನಡುವೆ ಮೂರು ಮೀನು. ಮನೆಗೆ ಇನ್ನೂ ಬಾಗಿಲಿರಲಿಲ್ಲ. ಪೆನ್ಸಿಲು ಹಿಡಿದುಕೊಂಡು ಅಡುಗೆಮನೆಗೆ ಹೋದಳು.

"ಆಯಿ, ನಿಮ್ಮನೆ ಬಾಗಿಲು ಯಾವ ಕಡೆ ಇತ್ತು?"

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಮೂಡಲಕ್ಕ ಇತ್ತವ್ವ. ಹಿತ್ತಲಾಗೂ ಒಂದ್ ಬಾಗಲಾ ಇತ್ತು, ಅದನ್ನೂ ಬರಿ. ಅದರ ಮುಂದ ದನಾ ಕಟ್ತಿದ್ವಿ."

"ಎಷ್ಟು ದನ?"

"ಎರಡು ಎತ್ತು, ಒಂದು ಎಮ್ಮಿ. ತಡಿ, ಹಿಟ್ಟಿನ ಕೈ ತೊಳ್ಕೊಂಡು ಬರ್ತೀನಿ, ನಾನೂ ತೋರಸ್ತೀನಿ."